ಗುಂಡಿಯೊಳಗಿನ ಗಾಳಿ

ಹಳೆಯ ಗಾಡಿಯ ಮೈಗೆ ಬೆಂಕಿ ತೋರಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ತುಕ್ಕು ಹಿಡಿಯದಿರಲೆಂದು ಅರುವತ್ತರ ದಶಕದಲ್ಲಿ ಅಡಿಭಾಗಕ್ಕೆ ಬಳಿದ ಡಾಮರಿನಂಥ ಕಪ್ಪು ಲೇಪವನ್ನು ಗ್ಯಾಸ್ ಟಾರ್ಚಿನ ಬೆಂಕಿ ಹಿಡಿದು ಕರಗಿಸುತ್ತಾರೆ. ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಇರುವುದು ಮರೆತೇ ಹೋಗಿರುತ್ತದೆ. ಕುವೈತಿನ ಶುವೈಖ್‌ನ ನಮ್ಮ ಗ್ಯಾರೇಜಿನಲ್ಲಿ ಆ ಆಟ ನಡೆಯುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಫೋರ್‌ಮನ್ ನಾನು. ನನ್ನ ಕೈಕೆಳಗೆ ಒಬ್ಬನಿಗೂ ಒಂದು ಬೊಕ್ಕೆ ಎದ್ದಿಲ್ಲ ಎಂದು ಊರಿಡೀ ಜಂಬ ಕೊಚ್ಚಿಕೊಂಡವನು.

ಆ ಜುಲೈಯಲ್ಲಿ ಕುವೈತಿ ಮುದುಕರೊಬ್ಬರ ಹಳೇ ಪಿಕಪ್ ಬಂತು. ಲೇಪ ತೆಗೆಯಲು ಶಬೀರನನ್ನು ಗುಂಡಿಗೆ ಇಳಿಸಿದೆ. ಗುಂಡಿಯೆಂದರೆ, ಗಾಡಿಯ ಅಡಿಯಲ್ಲಿ ನಿಂತು ಕೆಲಸ ಮಾಡಲು ನೆಲದಲ್ಲಿ ತೋಡಿಸಿದ್ದು. ಶಬೀರ್ ಉಳ್ಳಾಲದವನು, ಎರಡು ಮಕ್ಕಳ ತಂದೆ, ಬೈದರೆ ತಲೆ ತಗ್ಗಿಸಿ ಕೆಲಸ ಮುಂದುವರಿಸುವವನು. ಬ್ರಷ್‌ನಿಂದ ಲೇಪ ಬಿಡಿಸುವ ರಾಸಾಯನಿಕ ರಿಮೂವರ್ ಬಳಿಯಬೇಕು, ಲೇಪ ಉಬ್ಬಿದ ಮೇಲೆ ಮರದ ಪಟ್ಟಿಯಿಂದ ಕೆರೆಯಬೇಕು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳಿನ ಮಾಸ್ಕ್, ಎಲ್ಲ ನಾನೇ ನಿಂತು ಹಾಕಿಸಿದ್ದೆ.

ಹೊರಗೆ ಐವತ್ತು ಡಿಗ್ರಿ. ಸ್ವಲ್ಪ ಹೊತ್ತಿನಲ್ಲೇ ಶಬೀರ್ ಮೇಲೆ ಬಂದು ಶಟರನ್ನು ಅರ್ಧ ಎತ್ತಿಟ್ಟ. ನನಗೆ ಪಿತ್ತ ನೆತ್ತಿಗೇರಿತು.

“ಎಂತ ಮಾರಾಯ, ಏಸಿ ಇಡೀ ಶುವೈಖಿಗೆ ಹಾಕಿದ್ದಾ?”

“ವಾಸನೆ ಜೋರುಂಟು ಫ್ರೆಡ್ಡಿಯಣ್ಣ. ತಲೆ ತಿರುಗ್ತದೆ.”

“ಮಾಸ್ಕ್ ಉಂಟಲ್ಲ? ತಿಂಡಿ ತಿನ್ನದೆ ಬಂದ್ರೆ ತಲೆ ತಿರುಗದೆ ಎಂತ ಆಗ್ತದೆ? ಹಾಕು ಶಟರ್.”

ಅವನು ಹಾಕಿದ, ಮತ್ತೆ ಇಳಿದ. ಕುವೈತಿನ ಬೇಸಿಗೆಯಲ್ಲಿ ಬಾಗಿಲು ತೆರೆದಿಡುವ ರೂಢಿ ನಮ್ಮಲ್ಲಿ ಯಾರಿಗೂ ಇಲ್ಲ.

ಪಟ್ಟಿಯ ಕರಕರ ಸದ್ದು ಕೇಳುತ್ತಿತ್ತು. ನಾನು ಗಾಡಿಯ ಹೆಡ್‌ಲೈಟ್ ಬಿಚ್ಚುತ್ತಿದ್ದೆ. ಸದ್ದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

“ಮಲಗಿದ್ಯಾ ಶಬೀರ್?”

ಇನ್ನೂ ನಾಲ್ಕು ಮಾತು ಬೈದೆ; ಅವನ್ನು ಇಲ್ಲಿ ಬರೆಯಲಾರೆ. ಬಗ್ಗಿ ನೋಡಿದರೆ ಗುಂಡಿಯ ಮೆಟ್ಟಿಲ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದ.

ಇಳಿಯಲು ಕಾಲಿಟ್ಟೆ. ನಮ್ಮ ಪೇಂಟರ್ ತಾಹಿರ್ ಓಡಿಬಂದು ನನ್ನ ಬೆಲ್ಟ್ ಹಿಡಿದು ಹಿಂದಕ್ಕೆಳೆದ.

“ಮತ್ ಉತರೋ ಭಾಯಿ. ಗ್ಯಾಸ್ ನೀಚೇ ಹೈ,” ಇಳಿಯಬೇಡ, ಗ್ಯಾಸ್ ಕೆಳಗಿದೆ ಎಂದ.

ತಾಹಿರ್ ಹಿಂದೆ ಟ್ಯಾಂಕ್ ತೊಳೆಯುವ ಕೆಲಸದಲ್ಲಿದ್ದವನು. ಒಬ್ಬನನ್ನು ಎತ್ತಲು ಇಳಿದ ಇಬ್ಬರು ಮೇಲೆ ಬಾರದ್ದನ್ನು ಕಣ್ಣಾರೆ ಕಂಡವನು. ರಿಮೂವರಿನ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ, ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ಡಬ್ಬಿಯ ಮೇಲೆ ಬರೆದಿತ್ತು. ಬೆಂಕಿಯ ಚಿತ್ರ ಇಲ್ಲವೆಂದು ನೋಡಿ ನಾನು ಓದುವುದನ್ನು ಅಲ್ಲಿಗೇ ಬಿಟ್ಟಿದ್ದೆ.

ಎರಡೂ ಶಟರ್ ಎತ್ತಿದೆವು. ತಾಹಿರ್ ಕಂಪ್ರೆಸರಿನ ಪೈಪನ್ನು ಗುಂಡಿಗಿಳಿಸಿ ಗಾಳಿ ಬಿಟ್ಟ. ನಾನು ನೆಲಕ್ಕೆ ಹೊಟ್ಟೆ ಕೊಟ್ಟು ಮಲಗಿ, ಶಟರ್ ಎಳೆಯುವ ಕೊಕ್ಕೆಕೋಲನ್ನು ಚಾಚಿದೆ. ಮೊದಲ ಸಲ ಜಾರಿತು. ಎರಡನೆಯ ಸಲವೂ ಜಾರಿತು. ದಿನಾ ಹೇಳುವ ಪ್ರಾರ್ಥನೆಯ ಮೊದಲ ಸಾಲೂ ನೆನಪಾಗಲಿಲ್ಲ. ಮೂರನೆಯ ಸಲ ಅವನ ಬೆಲ್ಟಿಗೆ ಸಿಕ್ಕಿಕೊಂಡಿತು. ಉಸಿರು ಬಿಗಿಹಿಡಿದು ಎಳೆದೆ. ಕಾಲರ್ ಕೈಗೆ ಬಂದಾಗ ತಾಹಿರನೂ ಸೇರಿದ.

ಹೊರಗೆ ನೆರಳಿನಲ್ಲಿ ಮಲಗಿಸಿದೆವು. ತುಟಿ ನೀಲಿಗಟ್ಟಿತ್ತು. ಎದೆ ಏಳುತ್ತಿರಲಿಲ್ಲ. ತಾಹಿರ್ ಆಂಬ್ಯುಲೆನ್ಸಿಗೆ ಫೋನ್ ಮಾಡುತ್ತಿದ್ದ. ನಾನು ಬಾಯಿಗೆ ಬಾಯಿಟ್ಟು ಊದಿದೆ. ಎಷ್ಟು ಸಲವೋ ಲೆಕ್ಕವಿಲ್ಲ, ಆ ಮಕ್ಕಳಿಬ್ಬರಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ. ಕೊನೆಗೆ ಕೆಮ್ಮಿದ, ವಾಂತಿ ಮಾಡಿದ, ಕಣ್ಣು ಬಿಟ್ಟ. ನನ್ನ ಮುಖ ಕಂಡದ್ದೇ ತಡ, ಮೊಣಕೈಯೂರಿ ಏಳಲು ಹೊರಟ.

“ತಪ್ಪಾಯ್ತು ಫ್ರೆಡ್ಡಿಯಣ್ಣ,” ಎಂದ. “ನಿದ್ದೆ ಹೋದೆ ಕಾಣ್ತದೆ. ಈಗ ಇಳೀತೇನೆ.”

“ನಿದ್ದೆ ಅಲ್ಲ ಮಾರಾಯ. ಶಟರ್ ಹಾಕಿಸಿದ್ದು ನಾನು. ತಪ್ಪು ನಂದು.”

ಅವನಿಗೆ ಅರ್ಥವಾಗಲಿಲ್ಲ. ನನ್ನ ಕೈ ಹಿಡಿದುಕೊಂಡು, ಇನ್ನೊಮ್ಮೆ, ತಪ್ಪಾಯ್ತು ಎಂದ.