ಜನರಲ್ ಸಾಹೇಬರ ಕುದುರೆ ಬಾಲ

ಮೆಕ್ಸಿಕೊ ನಗರದ ನೆಲದಡಿ ಮೊದಲ ರೈಲು ಓಡಿ ಇನ್ನೂ ವರ್ಷ ತುಂಬಿರಲಿಲ್ಲ, ಎರಡನೆಯ ಮಾರ್ಗದ ಅಗೆತ ಸಾನ್ ಗೊರ್ಗೊನಿಯೊ ಬಡಾವಣೆಗೆ ಬಂತು. ಬೀದಿಗಳೆಲ್ಲ ಹೆಗ್ಗಣ ತೋಡಿದ ಹಾಗಾದವು. ನಿಲ್ದಾಣದ ಹೆಸರು ಮಾತ್ರ ಮೊದಲೇ ತೀರ್ಮಾನವಾಗಿತ್ತು: ಜನರಲ್ ಕರ್ರಾಸ್ಕೊ. ಕ್ರಾಂತಿಯ ಕಾಲದಲ್ಲಿ ನಾಲ್ಕು ಸಲ ಪಕ್ಷ ಬದಲಿಸಿ, ನಾಲ್ಕೂ ಸಲ ಗೆದ್ದವರ ಕಡೆಯೇ ಸಿಕ್ಕ ಮಹಾನುಭಾವ. ಇನ್ನು ಉಳಿದದ್ದು ಚಿತ್ರ. ಓದು ಬಾರದವರಿಗೂ ಇಳಿಯುವ ಜಾಗ ತಿಳಿಯಲಿ ಎಂದು ಈ ರೈಲಿನವರು ನಿಲ್ದಾಣಕ್ಕೊಂದು ಚಿತ್ರ ಬರೆಸುತ್ತಿದ್ದರು; ಒಂದಕ್ಕೆ ಗಂಟೆ, ಇನ್ನೊಂದಕ್ಕೆ ಮಿಡತೆ.

‘ಓದು ಬಾರದವರು’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ದೋನ್ಯಾ ಕ್ರೆಸೆನ್ಸಿಯಾಳ ಎದೆ ಧಸಕ್ ಎನ್ನುತ್ತಿತ್ತು. ಬೀದಿಯ ಮೂಲೆಯಲ್ಲಿ ತಮಾಲೆ ಎಂಬ ಮೆಕ್ಕೆಜೋಳದ ಕಡುಬು ಬೇಯಿಸಿ ಮಾರುವ ಅವಳು ಬೆಳಗಿನ ಗಿರಾಕಿಗಳಿಗೆ ಪತ್ರಿಕೆ ಓದಿ ಹೇಳುವುದರಲ್ಲಿ ಎತ್ತಿದ ಕೈ. ಇಪ್ಪತ್ತು ವರ್ಷದಿಂದ ಕನ್ನಡಕ ಏರಿಸಿ, ಬೆರಳು ನೆಕ್ಕಿ ಪುಟ ತಿರುವಿ, ಮಂತ್ರಿಗಳ ಜಗಳವನ್ನೂ ನಟಿಯರ ಮದುವೆಯನ್ನೂ ಓದಿದ್ದಳು. ಅಕ್ಷರ ಒಂದೂ ಬರುತ್ತಿರಲಿಲ್ಲ. ಫೋಟೊ ನೋಡಿ ಸುದ್ದಿ ಹೊಸೆಯುತ್ತಿದ್ದಳು, ಅಷ್ಟೆ.

ಮಗಳು ರೆಮೆಡಿಯೋಸ್ ಇದ್ದದ್ದು ನಗರದ ಆ ತುದಿಯ ತಾಕುಬಾದಲ್ಲಿ. ಹೆತ್ತು ನಾಲ್ಕು ತಿಂಗಳಾಗಿತ್ತು. ಕ್ರೆಸೆನ್ಸಿಯಾ ಒಮ್ಮೆ ಧೈರ್ಯ ಮಾಡಿ ಒಬ್ಬಳೇ ಹೊರಟು, ಬಸ್ಸಿನ ಹಲಗೆ ಓದಲಾಗದೆ ಊರಾಚೆಯ ಇಟ್ಟಿಗೆ ಗೂಡಿನ ಹತ್ತಿರ ಇಳಿದು ಅತ್ತಿದ್ದಳು. ಅಂದಿನಿಂದ ಅಳಿಯ ಬಂದು ಕರೆದೊಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವನೋ ಹಬ್ಬಕ್ಕೊಮ್ಮೆ ಮುಖ ತೋರಿಸುವ ಆಸಾಮಿ. ಮೊಮ್ಮಗಳನ್ನು ಅವಳು ಎತ್ತಿಕೊಂಡದ್ದು ಎರಡೇ ಸಲ. ಹೊಸ ರೈಲಿಗೆ ತಾಕುಬಾವೇ ಕೊನೆ, ಹೋಗುವುದು ಸುಲಭ. ತಿರುಗಿ ಬರುವಾಗ ಎಲ್ಲಿ ಇಳಿಯಬೇಕೆಂದು ತಿಳಿಯಬೇಕಲ್ಲ!

ಚಿತ್ರದ ವಿಷಯಕ್ಕೆ ಶಾಲೆಯಲ್ಲಿ ಸಭೆ ಸೇರಿತು. ರೈಲು ಕಚೇರಿಯ ಚಿತ್ರಗಾರ ಲಿಸಾರ್ದೊ ಬಂದಿದ್ದ. ಔಷಧಿ ಅಂಗಡಿಯ ದೋನ್ ಹೆರ್ಮಿಲೊ ಜನರಲ್‌ನ ಮೊಮ್ಮಗ. ಅಜ್ಜನ ಟೋಪಿ ಮೀಸೆಗಳೇ ಬೇಕೆಂದು ಪಟ್ಟು ಹಿಡಿದ. ಲಿಸಾರ್ದೊ ತಲೆ ಕೆರೆದುಕೊಂಡು, ಇದೇ ಮಾರ್ಗದ ಬೇರೆ ನಿಲ್ದಾಣಗಳಿಗೆ ಆಗಲೇ ಗೊತ್ತಾಗಿದ್ದ ಇನ್ನಿಬ್ಬರು ವೀರರ ಚಿತ್ರ ತೂಗುಹಾಕಿದ. ಮೂರೂ ಒಂದೇ ತಾಯಿ ಹೆತ್ತ ಮೀಸೆಗಳು. ಓದು ಬಾರದವರು ಗಲಿಬಿಲಿಗೊಳ್ಳುತ್ತಾರೆ ಎಂದ.

ದೋನ್ ಹೆರ್ಮಿಲೊ ನಕ್ಕ. “ನಮ್ಮ ಬಡಾವಣೇಲಿ ಅಂಥೋರು ಯಾರಿದ್ದಾರ್ರೀ? ಇದ್ರೆ ಕೈ ಎತ್ಲಿ, ನೋಡೋಣ.”

ಯಾರೂ ಎತ್ತಲಿಲ್ಲ. ಕ್ರೆಸೆನ್ಸಿಯಾ ಹೊದ್ದ ಶಾಲಿನಂಚು ಹಿಂಡುತ್ತ ಕೂತಳು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಆ ಕೂಸಿನ ನೆತ್ತಿಯ ವಾಸನೆ ನೆನಪಾಯಿತು. ಕೈ ಎತ್ತಿದಳು.

“ನಂಗೆ ಬರಲ್ಲ,” ಎಂದಳು. “ಯಾವತ್ತೂ ಬರ್ತಿರ್ಲಿಲ್ಲ.”

ಮೊದಲು ಎದ್ದವನು ಕಸಾಯಿ ನಸಾರಿಯೊ. “ಹಂಗಾದ್ರೆ ಹಂದಿಗೆ ತೆರಿಗೆ ಬರುತ್ತೆ ಅಂತ ಓದಿದ್ದು? ನಾನು ನಂಬ್ಕೊಂಡು ಮೂರು ಹಂದಿ ಅರ್ಧ ಬೆಲೆಗೆ ಮಾರಿದ್ನಲ್ಲ ದೋನ್ಯಾ?”

“ಅವತ್ತು ಹಂದಿ ಫೋಟೊ ಇತ್ತಪ್ಪ. ಪಕ್ಕದಲ್ಲೇ ಮಂತ್ರಿ ಫೋಟೊನೂ ಇತ್ತು.”

ಸಭೆ ಬಿದ್ದು ಬಿದ್ದು ನಕ್ಕಿತು, ನಸಾರಿಯೊನನ್ನು ಬಿಟ್ಟು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ರೈಲಿನವರು ಅದನ್ನೂ ಆಗಲೇ ಅಗೆದಿಟ್ಟಿದ್ದರು. ಲಿಸಾರ್ದೊ ಕೂಡ ನಗದೆ, ಬಡಾವಣೆಯನ್ನು ನೀವು ಯಾವುದರಿಂದ ಗುರುತು ಹಿಡಿಯುತ್ತೀರಿ ಎಂದು ಕೇಳಿದ.

“ಕುದುರೆ ಬಾಲ ನೋಡ್ಕೊಂಡು,” ಎಂದಳು.

ಜನರಲ್‌ನ ಕಂಚಿನ ಪ್ರತಿಮೆ ಬಡಾವಣೆಯ ಬಾಯಲ್ಲೇ ಇತ್ತು, ದೊಡ್ಡ ರಸ್ತೆಗೆ ಮುಖ ಮಾಡಿ. ಒಳಗಿನವರಿಗೆ ಕಾಣುತ್ತಿದ್ದದ್ದು ಕುದುರೆಯ ಗುಂಡನೆಯ ತಿಕ ಮತ್ತು ಮೇಲೆತ್ತಿದ ಬಾಲ. ಪ್ರೇಮಿಗಳು ಸೇರುತ್ತಿದ್ದದ್ದೂ ಜಗಳಗಂಟರು ‘ಬಾ ನೋಡ್ಕೋತೀನಿ’ ಎನ್ನುತ್ತಿದ್ದದ್ದೂ ಬಾಲದ ಹತ್ತಿರವೇ. ಸಭೆ ಹೌದು ಹೌದು ಎಂದಿತು. ಲಿಸಾರ್ದೊನ ಪೆನ್ಸಿಲು ಓಡತೊಡಗಿತು.

ದೋನ್ ಹೆರ್ಮಿಲೊ ಕೆಂಡವಾದ. “ನಮ್ಮಜ್ಜನ ಹೆಸರಿಗೆ ಕುದುರೆ ತಿಕವೇನ್ರೀ?”

“ನಲವತ್ತು ವರ್ಷದಿಂದ ನಿಮ್ಮಜ್ಜ ನಮಗೆ ತೋರಿಸ್ತಿರೋದು ಅದೊಂದೇ ಅಲ್ವಾ, ದೋನ್ ಹೆರ್ಮಿಲೊ,” ಎಂದಳು ಕ್ರೆಸೆನ್ಸಿಯಾ.

ಕೈ ಎತ್ತಿ ಎಣಿಸಿದರು. ಬಾಲ ಗೆದ್ದಿತು.

ರೈಲು ಶುರುವಾದ ಮೊದಲ ಭಾನುವಾರ ತಾಕುಬಾದ ಮನೆಯ ಬಾಗಿಲು ತೆರೆದ ಅಳಿಯ ಕಕ್ಕಾಬಿಕ್ಕಿಯಾದ. ಯಾರ ಜೊತೆ ಬಂದಿರಿ, ವಾಪಸು ಹೇಗೆ, ಇವತ್ತು ನನಗೆ ಪುರುಸೊತ್ತಿಲ್ಲ ಎಂದೆಲ್ಲ ಶುರು ಮಾಡಿದ. ಅವಳು ಕೂಸನ್ನು ಎದೆಗೊತ್ತಿಕೊಂಡವಳು ಅವನತ್ತ ತಿರುಗಲೂ ಇಲ್ಲ.

“ನೀನು ಹೋಗಿ ಮಲ್ಕೋಪ್ಪ,” ಎಂದಳು.

ಸಂಜೆ ಮರಳುವಾಗ ಬೋಗಿಯ ಕಿಟಕಿಗೆ ಹಣೆ ಹಚ್ಚಿ ಕೂತಳು. ಒಂದು ಮೀಸೆ ಹೋಯಿತು, ಇನ್ನೊಂದು ಮೀಸೆ ಹೋಯಿತು. ಕೊನೆಗೆ ಒಂದು ನಿಲ್ದಾಣದ ಗೋಡೆಯ ಮೇಲೆ ಅಂಗೈ ಎರಡರಷ್ಟು ದೊಡ್ಡದಾಗಿ ಬಾಲವೆತ್ತಿದ ತಿಕ ಕಂಡಿತು. ಪಕ್ಕದಲ್ಲಿ ನಿಂತಿದ್ದ ಅಪರಿಚಿತನೊಬ್ಬ ಇದು ಯಾವ ನಿಲ್ದಾಣ ಎಂದು ಕೇಳಿದ. ಕ್ರೆಸೆನ್ಸಿಯಾ ಗೋಡೆ ನೋಡಿ ಓದಿ ಹೇಳಿದಳು.