ಎಂಟೂ ಗಂಡು ಮೀನು

ಮೇವಿನ ಕಾಳೊಂದು ನೀರಿನ ಮೇಲೆ ಹಾಗೇ ಉಳಿದಿದೆ, ತೇಲುತ್ತ ಬಂದು ತೊಟ್ಟಿಯ ಗಾಜಿಗೆ ತಾಗಿ, ಹಿಂದೆ ಸರಿದು, ಮತ್ತೆ ತಾಗಿ, ಬಾಗಿಲು ತಟ್ಟಲು ಸಂಕೋಚಪಡುವ ಹೊಸ ಬೀಗರ ಹಾಗೆ — ತಿನ್ನೇ ತಾಯಿ, ಏನಾಯ್ತು ನಿನಗೆ, ಎಂದು ಅವಳು ಗಾಜಿಗೆ ಮೂಗು ಒತ್ತಿ ಕೇಳಿದಳು, ಗಾಜು ತಣ್ಣಗಿತ್ತು, ಉಸಿರು ತಾಗಿ ಮಸುಕಾಯಿತು, ತೋಳಿನಿಂದ ಒರೆಸಿದಳು, ಒರೆಸಿದ ಜಾಗದಲ್ಲಿ ಹರಕು ಬಾಲದ ಮೀನು ಕಲ್ಲಿನ ಮರೆಯಲ್ಲಿ ನಿಂತಿದ್ದು ಕಂಡಿತು, ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ಗಲ್ಲದ ಕೆಳಗೆ ಒಂದಿಷ್ಟು ಉಬ್ಬಿಸಿಕೊಂಡು. ನಿನ್ನೆ ಸಂಜೆಯವರೆಗೂ ಮುಕ್ಕುತ್ತಿತ್ತಲ್ಲ, ಯಜಮಾನನೆಂಬ ದೊಡ್ಡ ಮೀನಿನ ಪಾಲನ್ನೂ ಕಸಿದುಕೊಂಡು ತಿಂದಿತ್ತಲ್ಲ. ಅದರ ಆಚೆ ಮೂಲೆಯಲ್ಲಿ ಮೂಗಿ — ಮೂಗಿ ಎಂಬ ಹೆಸರು ಅವಳೇ ಇಟ್ಟದ್ದು, ಹನ್ನೊಂದು ದಿನದಿಂದ ಬಾಯಿ ತೆರೆಯದ ಮೀನಿಗೆ ಇನ್ನೇನು ಹೆಸರಿಡುವುದು — ಮೂಗಿ ತಿನ್ನದಿರುವುದು ಹಳೇ ಸುದ್ದಿ, ದಿನವೂ ದಾಖಲೆ ಪುಸ್ತಕದಲ್ಲಿ ಬರೆದಾಗಿದೆ, ಒಂದು ಮೀನು ತಿನ್ನದಿದ್ದರೆ ಬರೆದಿಡುವುದು ಅಷ್ಟೇ, ಒಂದು ಮೀನಿಗೆ ಹೊಟ್ಟೆ ಕೆಟ್ಟಿರಬಹುದು, ಮನಸ್ಸು ಕೆಟ್ಟಿರಬಹುದು. ಆದರೆ ಎರಡಾದರೆ? ತಲೆ ಎತ್ತಿ ನೋಡಬೇಕಾಗಿಲ್ಲ, ಗೋಡೆಯ ಮೇಲೆ ಚೌಕಟ್ಟಿನೊಳಗಿನ ಆದೇಶ ಅವಳಿಗೆ ಬಾಯಿಪಾಠ, ಎರಡು ಅಥವಾ ಹೆಚ್ಚು ಮೀನುಗಳು ಮೇವನ್ನು ನಿರಾಕರಿಸಿದಲ್ಲಿ ಹತ್ತು ನಿಮಿಷದೊಳಗಾಗಿ ಊರಿನ ಮುಖ್ಯ ವಾಲ್ವನ್ನು ಮುಚ್ಚತಕ್ಕದ್ದು, ಆ ತಕ್ಕದ್ದು ಎನ್ನುವಾಗಲೆಲ್ಲ ಯಾರೋ ಬೆತ್ತ ಮೇಜಿಗೆ ಬಡಿದ ಹಾಗೆ ಕೇಳಿಸುತ್ತದೆ. ಗಡಿಯಾರದಲ್ಲಿ ಎಂಟು ಗಂಟೆ ಇಪ್ಪತ್ತು ನಿಮಿಷ. ಊರೆಲ್ಲ ನಲ್ಲಿ ತಿರುಗಿಸುವ ಹೊತ್ತು.

ನದಿಯ ನೀರು ಪಂಪಿನಿಂದ ಏರಿ ಬಂದು, ಶುದ್ಧಿ ಮಾಡುವ ಮದ್ದು ಸೇರುವ ಮೊದಲು, ಒಂದು ಸಣ್ಣ ಕೊಳವೆಯಲ್ಲಿ ಕವಲೊಡೆದು ಈ ತೊಟ್ಟಿಯ ಮೂಲಕ ಹಾಯುತ್ತದೆ, ಎಂಟು ತಿಲಾಪಿಯಾ ಮೀನುಗಳು ಊರಿಗಿಂತ ಮೊದಲು ಆ ನೀರು ಕುಡಿಯುತ್ತವೆ, ಅವು ಕುಡಿಯುವುದನ್ನು ಇವಳು ನೋಡುತ್ತಾಳೆ, ಇದಕ್ಕೆ ಸಂಬಳ. ಎಲ್ಲೋ ದೂರದಲ್ಲಿ ಯಾರೋ ಊರಿನ ನೀರಿಗೆ ವಿಷ ಬೆರೆಸಲು ಹೊರಟು ಸಿಕ್ಕಿಬಿದ್ದ ವರ್ಷ ಸರ್ಕಾರ ಎಚ್ಚೆತ್ತುಕೊಂಡಿತು, ಬೇಲಿ ಬಂತು, ಕ್ಯಾಮೆರಾ ಬಂತು, ಮೀನು ಬಂತು, ಮೀನಿನ ಹಿಂದೆ ಅವಳು ಬಂದಳು, ಮೂರು ದಿನ ತರಬೇತಿ, ಮುಖಕ್ಕೆ ರಬ್ಬರಿನ ಮುಖವಾಡ ಹಾಕಿಸಿ ಓಡಿಸಿದರು, ಪಾಠ ಹೇಳಿದವರು ಶತ್ರು ಗಂಟೆ ಬಾರಿಸಿಕೊಂಡು ಬರುವುದಿಲ್ಲ ತಿಳೀತಾ ಅಂದರು, ಹಿಂದಿನ ಬೆಂಚಿನಿಂದ ಯಾರೋ ಹಾಗಾದ್ರೆ ನಮ್ಮ ಚಹಾದವನೂ ಶತ್ರುನೇ ಸಾರ್ ಅಂದರು, ಅವಳು ನಕ್ಕು ನಕ್ಕು ಮುಖವಾಡದ ಒಳಗೆಲ್ಲ ಹಬೆ. ಮನೆಗೆ ಬಂದು ಹೇಳಿದರೆ ಗಂಡ ಇನ್ನೂ ಹೆಚ್ಚು ನಕ್ಕ — ಪೇಟೆ ಬೀದಿಯಲ್ಲಿ ಕ್ಷೌರದ ಅಂಗಡಿ ಅವನದು, ಅಲ್ಲಿ ನಗು ದಿನಸಿಯ ಹಾಗೆ, ಇಲ್ಲದೆ ನಡೆಯುವುದಿಲ್ಲ — ಅಲ್ಲ ಕಣೇ, ನಾನು ದಿನಾ ಹತ್ತು ಜನರ ಕುತ್ತಿಗೆ ಮೇಲೆ ಕತ್ತಿ ಇಡ್ತೀನಿ, ನನ್ನನ್ನು ಯಾರೂ ನೋಡ್ಕೊಳ್ಳಲ್ಲ, ಮೀನು ನೋಡ್ಕೊಳ್ಳೋಕೆ ಒಬ್ಬಳಾ? ಅಂದಿನಿಂದ ಊರಿಗೆಲ್ಲ ಅವಳು ಮೀನಮ್ಮ. ಮೀನಮ್ಮ, ಇವತ್ತು ಏನಂತವೆ ನಿಮ್ಮವರು? ಚೆನ್ನಾಗಿದ್ದಾರೆ, ನಿಮ್ಮನ್ನ ಕೇಳಿದೆ ಅಂತ ಹೇಳಿ ಅಂದ್ರು. ಹೀಗೇ ನಡೆದಿತ್ತು, ಎರಡು ವರ್ಷದ ಕೆಳಗೆ ಹಳೇ ಮೀನುಗಳೆಲ್ಲ ಒಂದೇ ಮೂಲೆಗೆ ಒತ್ತಿಕೊಂಡು ಮೇವಿನತ್ತ ತಿರುಗಿಯೂ ನೋಡದ ದಿನದವರೆಗೆ. ಅವತ್ತು ಓಡಿಹೋಗಿ ವಾಲ್ವು ಮುಚ್ಚಿದಳು, ಮಧ್ಯಾಹ್ನದವರೆಗೆ ಊರು ಒಣಗಿತು, ಕೊನೆಗೆ ನೋಡಿದರೆ ಕಿಟಕಿಗೆ ಬಣ್ಣ ಬಳಿಯುವವನು ತನ್ನ ಕೆಂಪು ಟವೆಲನ್ನು ತೊಟ್ಟಿಯ ಎದುರಿಗೇ ನೇತುಹಾಕಿದ್ದ, ಮೀನುಗಳು ಅದಕ್ಕೆ ಹೆದರಿದ್ದವು, ಅಷ್ಟೇ. ಗಂಡನ ಅಂಗಡಿಯಲ್ಲಿ ಗಿರಾಕಿಯೊಬ್ಬ ಅರ್ಧ ಮುಖಕ್ಕೆ ನೊರೆ ಹೊತ್ತು ಒಂದು ಗಂಟೆ ಕೂತಿದ್ದನಂತೆ, ಈಗಲೂ ಅವನನ್ನು ಕಂಡರೆ ಅವಳು ಬೀದಿ ದಾಟಿಬಿಡುತ್ತಾಳೆ. ಆಮೇಲೆ ಬಂದ ಈ ಹೊಸ ಇಂಜಿನಿಯರ್ ಸಾಹೇಬ, ಮಗನ ವಯಸ್ಸು, ಒಳ್ಳೆಯವನೇ, ಮೊನ್ನೆ ಬಾಗಿಲಲ್ಲೇ ನಿಂತು ಹೇಳಿದ್ದ, ನೋಡಿ ಅಮ್ಮ, ಗುರುವಾರ ಒಂಬತ್ತಕ್ಕೆ ಭದ್ರತಾ ಇಲಾಖೆಯಿಂದ ಮೇಡಂ ಬರ್ತಾರೆ, ಮೀನು ಇರಬೇಕೋ ಮೆಷಿನ್ ಬರಬೇಕೋ ಅವರೇ ತೀರ್ಮಾನ ಮಾಡೋದು, ಇನ್ನೊಂದು ಸಲ ಸುಮ್‌ಸುಮ್ನೆ ಮುಚ್ಚಿದ್ರೆ ಮೀನೂ ಇರಲ್ಲ, ನೀವೂ ಇರಲ್ಲ, ನನ್ನ ಕೈಲೇನೂ ಇಲ್ಲ. ಇವತ್ತು ಗುರುವಾರ.

ಒಂದು ನಿಮಿಷ ಹೋಯಿತು. ಇನ್ನೊಂದು ಕಾಳು ಹಾಕಿದಳು, ಸರಿಯಾಗಿ ಹರಕು ಬಾಲದ ಮೂತಿಯ ಮುಂದಕ್ಕೇ ಇಳಿಯುವ ಹಾಗೆ, ಅದು ಕಣ್ಣು ತಿರುಗಿಸಿ ನೋಡಿತು, ಆಸೆ ಇಲ್ಲದೆ ಇಲ್ಲ, ಬಾಯಿ ಮಾತ್ರ ತೆರೆಯಲಿಲ್ಲ, ಅಜ್ಜಿಯ ಮನೆಯ ಹಿತ್ತಲಲ್ಲಿ ಕಾವಿಗೆ ಕೂತ ಕೋಳಿ ಹೀಗೇ ನೋಡುತ್ತಿತ್ತು, ಬುಟ್ಟಿಯೊಳಗಿಂದ, ಕಾಳನ್ನೊಮ್ಮೆ, ಅವಳನ್ನೊಮ್ಮೆ, ತಿಂದರೆ ಏಳಬೇಕು, ಎದ್ದರೆ ಮೊಟ್ಟೆ ಆರುತ್ತದೆ, ಬಿಡೇ ಅದನ್ನ, ಅದಕ್ಕೆ ಈಗ ಹಸಿವು ಬೇರೆ ಕಡೆ ಇದೆ ಅಂತಿದ್ದಳು ಅಜ್ಜಿ. ಆ ಅಜ್ಜಿಯೇ ಒಂದು ಬೆಳಗ್ಗೆ ಕೆರೆಯಲ್ಲಿ ಬಲೆ ಎಳೆದಾಗ, ಮೊಣಕಾಲುದ್ದ ಕೆಸರಿನಲ್ಲಿ ಇಬ್ಬರೂ, ಇವಳಿಗೆ ಏಳೋ ಎಂಟೋ ವರ್ಷ, ಬಲೆಯ ಮೀನೊಂದು ಬಾಯಿ ತೆರೆದು ಹಿಡಿಯಷ್ಟು ಎಳ್ಳು ಉಗುಳಿತ್ತು, ಎಳ್ಳು ಈಜಿತ್ತು! ಅಯ್ಯೋ ಅಜ್ಜೀ, ಮಕ್ಕಳನ್ನ ತಿಂದ್ಬಿಟ್ಟಿದೆ ಇದು, ಅಂತ ಇವಳು ಕಿರುಚಿದರೆ, ತಿಂದಿಲ್ಲ ಕಣೇ ಪೆದ್ದಿ, ಅದರ ತೊಟ್ಟಿಲೇ ಬಾಯಿ, ಎಂದು ಅಜ್ಜಿ ಆ ಮೀನನ್ನು ನೀರಿಗೆ ಬಿಟ್ಟಳು, ಮಧ್ಯಾಹ್ನದ ಸಾರಿಗೆ ಒಂದು ಕಡಿಮೆಯಾಯಿತು, ತಾತ ಮುಖ ಇಷ್ಟು ದಪ್ಪ ಮಾಡಿಕೊಂಡು ಊಟ ಮಾಡಿದ. ಆ ಬಾಯಿ ಇವಳ ಕಣ್ಣಿಂದ ಹೋಗಿಯೇ ಇಲ್ಲ. ಅದಕ್ಕೇ ಹನ್ನೆರಡು ದಿನದ ಹಿಂದೆ, ಯಜಮಾನ ಎಂಬ ಆ ದೊಡ್ಡ ಮೀನು ತಳದ ಮರಳಿನಲ್ಲಿ ತಟ್ಟೆಯಗಲ ಗುಂಡಿ ತೋಡಿ ಅದರ ಸುತ್ತ ಮದುವಣಿಗನ ಹಾಗೆ ಮೆರೆದಾಗ, ಮಾರನೆಯ ದಿನ ಮೂಗಿ ಬಾಯಿ ಮುಚ್ಚಿದಾಗ, ಇವಳು ಇಂಜಿನಿಯರ್ ಸಾಹೇಬನ ಹತ್ತಿರ ಹೋಗಿ, ಸಾರ್, ಆ ಮೀನಿಗೆ ದಿನ ತುಂಬ್ತಾ ಇದೆ ಅಂದಳು. ಅವನು ಪೆನ್ನು ಕೆಳಗಿಟ್ಟ. ಅಮ್ಮ, ಮೀನುಗಾರಿಕೆ ಇಲಾಖೆ ಪ್ರಮಾಣಪತ್ರ ಇದೆ, ಎಂಟೂ ಗಂಡು, ನೋಡಿ ಮೊಹರು, ಗಂಡೇ ಬೇಕು ಅಂತ ಆದೇಶ ಇರೋದು, ಯಾಕಂದ್ರೆ ಹೆಣ್ಣು ಮೇವು ಬಿಡುತ್ತೆ. ಅದನ್ನೇ ನಾನೂ ಹೇಳ್ತಿರೋದು ಸಾರ್, ಬಿಟ್ಟಿದೆ. ಅಮ್ಮ, ಮೊಹರು ಇದೆ. ಮೊಹರು ಮೀನಿನ ಮೇಲಿಲ್ವಲ್ಲ ಸಾರ್, ಅಂದು ಬಂದುಬಿಟ್ಟಿದ್ದಳು, ಬಂದು ಮೂಗಿಯ ಮುಂದೆ ಕೂತು, ಕೇಳಿದೆಯೇನೇ, ನೀನು ಗಂಡಂತೆ, ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಐದು ನಿಮಿಷ. ಈಗ ನಗು ಬರುತ್ತಿಲ್ಲ, ಬರುತ್ತಿಲ್ಲ ಅಂತಲೂ ಅಲ್ಲ, ಗಂಟಲ ತನಕ ಬಂದು ನಿಂತಿದೆ, ಹರಕು ಬಾಲವೂ ಬಸುರಿಯಾ ಹಾಗಾದರೆ, ಯಜಮಾನನೇ, ಎರಡು ಸಂಸಾರವೇ ನಿನಗೆ, ಸರ್ಕಾರಿ ತೊಟ್ಟಿಯಲ್ಲಿ! ಬಸುರಿಯೇ, ರೂಪಾಯಿಗೆ ಹದಿನೈದಾಣೆ ಬಸುರಿಯೇ, ಉಳಿದ ಒಂದಾಣೆ? ಆ ಒಂದಾಣೆಯಲ್ಲಿ ಯಾರೋ ನದಿಯ ಮೇಲ್ಗಡೆ ಬೇಲಿ ಹಾರಿ ಏನೋ ಸುರಿದಿದ್ದರೆ, ನೋಡಲು ತಿಳಿಯಾಗಿ, ಮೂಸಲು ಏನೂ ಇಲ್ಲದ ಹಾಗೆ, ಉಳಿದ ಆರು ಮೀನು ಗಟ್ಟಿ ಪಿಂಡಗಳು, ಇನ್ನೂ ಅವಕ್ಕೆ ತಟ್ಟಿಲ್ಲ ಅಷ್ಟೇ ಎಂದಾದರೆ, ಊರಿನಲ್ಲಿ ಈಗ ಶಾಲೆಗೆ ಹೊರಟ ಮಕ್ಕಳ ಬಾಟಲಿ ತುಂಬುತ್ತಿದೆ, ಗಂಡ ಮೊದಲ ಗಿರಾಕಿಗೆ ಬಿಸಿನೀರು ಇಟ್ಟಿದ್ದಾನೆ, ಅದಕ್ಕೂ ಮೊದಲು ತಾನೊಂದು ಲೋಟ ಕುಡಿಯುತ್ತಾನೆ, ಗಟಗಟ, ಕುಡಿದು ಆಹಾ ಅನ್ನುತ್ತಾನೆ, ಇಪ್ಪತ್ತಾರು ವರ್ಷದಿಂದ ಆ ಆಹಾ ಕೇಳಿ ಅವಳಿಗೆ ಸಾಕಾಗಿದೆ, ಸಾಕಾಗಿದೆಯೇ? — ಮುಚ್ಚಿದರೆ ನಗುತ್ತಾರೆ, ಮೆಷಿನ್ ಬರುತ್ತದೆ, ಮೂಗಿಯನ್ನು ಯಾವ ಬಕೆಟ್ಟಿನಲ್ಲಿ ಒಯ್ಯುತ್ತಾರೋ, ಅವಳನ್ನು ಯಾವ ಮೂಲೆಗೆ ತಳ್ಳುತ್ತಾರೋ, ನಗಲಿ, ನಕ್ಕವರು ಸಂಜೆಯೂ ಇರುತ್ತಾರಲ್ಲ ನಗಲಿಕ್ಕೆ. ಏಳು ನಿಮಿಷ, ಅವಳು ಆಗಲೇ ಎದ್ದಾಗಿತ್ತು, ಕಾಲು ತಾನಾಗಿ ವಾಲ್ವಿನ ಕೋಣೆಗೆ ಹೋಗಿತ್ತು, ಎತ್ತಿನ ಗಾಡಿಯ ಗಾಲಿಯಷ್ಟು ದೊಡ್ಡ ಚಕ್ರ, ಇಪ್ಪತ್ತೆರಡು ಸುತ್ತು, ಒಂದು, ಎರಡು, ಕಬ್ಬಿಣ ಅಂಗೈಗೆ ತಣ್ಣಗೆ, ಆರು, ಏಳು, ರಟ್ಟೆ ನೋಯುತ್ತದೆ, ಅಜ್ಜಿ ಬಲೆ ಎಳೆಯುತ್ತಿದ್ದಾಳೆ, ಹಿಡ್ಕೊಳೇ ಪೆದ್ದಿ, ಹದಿನೈದು, ಕೊಳವೆಯೊಳಗೆ ನೀರು ಗೊಣಗಿತು, ಇಪ್ಪತ್ತು, ಸಣ್ಣಗೆ ಸಿಳ್ಳೆ ಹಾಕಿತು, ಇಪ್ಪತ್ತೆರಡು. ಸುಮ್ಮನಾಯಿತು. ಊರಿನ ಬಾಯಿ ಮುಚ್ಚಿತು.

ಆಮೇಲೆ ಫೋನೋ ಫೋನು, ನೀರು ನಿಂತಿದೆ, ಎಷ್ಟೊತ್ತಿಗೆ ಬರುತ್ತೆ, ಮುಟ್ಟಬೇಡಿ, ತುಂಬಿಟ್ಟಿದ್ದನ್ನೂ ಹೇಳೋವರೆಗೆ ಕುಡೀಬೇಡಿ, ಅಂತ ಎಲ್ಲರಿಗೂ ಅದನ್ನೇ ಹೇಳಿದಳು, ಆದೇಶದಲ್ಲಿದ್ದ ಹಾಗೆ, ಕೊನೆಗೆ ಗಂಡನದು, ಏನೇ, ಮತ್ತೆ ಅದೇ ಗಿರಾಕಿ ಕಣೇ, ಮತ್ತೆ ಅರ್ಧ ಮುಖ! ನೀವು ನೀರು ಕುಡಿದ್ರಾ? ಇಲ್ಲ, ಲೋಟ ಕೈಲಿದೆ. ಚೆಲ್ಲಿ. ಚೆಲ್ಲು ಅಂದ್ರೆ? ಚೆಲ್ಲಿರೀ, ಅಂದಳು, ಅವಳ ಧ್ವನಿಯಲ್ಲಿ ಏನು ಕೇಳಿಸಿತೋ, ಅವನು ನಗಲಿಲ್ಲ, ನೀರು ಚೆಲ್ಲಿದ ಸದ್ದು ಫೋನಿನಲ್ಲಿ ಕೇಳಿಸಿತು, ಚೆಲ್ಲಿದೆ ಅಂದ. ಇಂಜಿನಿಯರ್ ಸಾಹೇಬ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಓಡಿ ಬಂದ, ಇವತ್ತೇ ಆಗಬೇಕಿತ್ತಾ ಅಮ್ಮ, ಇವತ್ತೇನಾ, ಅವನ ಹಿಂದೆಯೇ ಜೀಪು, ಜೀಪಿನಿಂದ ನೆರೆತ ಕೂದಲಿನ ಗಟ್ಟಿಮುಟ್ಟಾದ ಮೇಡಂ, ಬೂಟು, ಕೈಯಲ್ಲೊಂದು ಪೆಟ್ಟಿಗೆ, ಮಾತಿಲ್ಲ ಕತೆಯಿಲ್ಲ, ನದಿಯ ನೀರು ಹಿಡಿದರು, ತೊಟ್ಟಿಯ ನೀರು ಹಿಡಿದರು, ಕೊಳವೆಯ ನೀರು ಹಿಡಿದರು, ಕಾಗದದ ಪಟ್ಟಿಗಳನ್ನು ಅದ್ದಿ ಸಾಲಾಗಿ ಇಟ್ಟು ಗಡಿಯಾರ ನೋಡುತ್ತ ನಿಂತರು, ಅರ್ಧ ಗಂಟೆ, ಆ ಅರ್ಧ ಗಂಟೆಯಲ್ಲಿ ಅವಳು ಮನೆಯ ಎರಡು ಹಸುವನ್ನೂ ಹೆಸರು ಹಿಡಿದು ನೆನೆಸಿಕೊಂಡಳು, ಇನ್ನು ಅವುಗಳ ಹಾಲೇ ಗತಿ ಎಂದುಕೊಂಡಳು. ಪಟ್ಟಿಗಳು ಬಿಳಿಯಾಗಿಯೇ ಉಳಿದವು. ನೀರು ಚೊಕ್ಕ ಇದೆ ಅಂದರು ಮೇಡಂ. ಇಂಜಿನಿಯರ್ ಸಾಹೇಬ ಕಣ್ಣು ಮುಚ್ಚಿಕೊಂಡ. ಯಾಕೆ ಮುಚ್ಚಿದ್ರಿ? ಎರಡು ತಿನ್ನಲಿಲ್ಲ ಮೇಡಂ. ವಿಷ ಅನಿಸ್ತಾ ನಿಮಗೆ? ಸುಳ್ಳು ಹೇಳಬಹುದಿತ್ತು, ಹೌದು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು, ನಾಲಿಗೆ ಕೇಳಲಿಲ್ಲ, ಇಲ್ಲ ಮೇಡಂ, ಬಸುರಿ ಅನಿಸ್ತು. ಬಸುರಿ ಅಂತ ಗೊತ್ತಿದ್ದೂ ಮುಚ್ಚಿದ್ರಾ? ನನಗೆ ಅನಿಸಿದ್ದು ತಪ್ಪಾಗಿದ್ರೆ ಕುಡಿಯೋರು ನಾನಲ್ಲವಲ್ಲ ಮೇಡಂ, ಊರವರಲ್ವಾ. ಮೇಡಂ ಅವಳನ್ನು ನೋಡಿದರು, ನೋಡಿ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು, ಬೂಟು ಕಿರ್ ಎಂದಿತು. ಎಂಟೂ ಗಂಡು ಮೇಡಂ, ಇಲಾಖೆ ಪ್ರಮಾಣಪತ್ರ ಇದೆ, ಅಂತ ಇಂಜಿನಿಯರ್ ಸಾಹೇಬ ಫೈಲಿನಲ್ಲಿ ಹುಡುಕತೊಡಗಿದ.

ಅವನು ಹುಡುಕುತ್ತಿರುವಾಗಲೇ ಮೂಗಿ ಮೂಲೆಯಿಂದ ಹೊರಟಿತು, ನಿಧಾನ, ತೊಟ್ಟಿಯ ನಡುವಿಗೆ ಬಂದು ನಿಂತಿತು, ಒಮ್ಮೆ ಆಕಳಿಸಿದ ಹಾಗೆ, ಎರಡು ಸಲ ಆಕಳಿಸಿದ ಹಾಗೆ, ಬಾಯಿ ತೆರೆಯಿತು — ಎಳ್ಳು, ಎಳ್ಳು, ಹಿಡಿ ಎಳ್ಳು, ಇನ್ನೂರೋ ಮುನ್ನೂರೋ, ಒಂದೊಂದಕ್ಕೂ ಎರಡು ಕಣ್ಣು ಒಂದು ಬಾಲ, ಹೊಗೆಯ ಹಾಗೆ ತಾಯಿಯ ಮೂತಿಯ ಸುತ್ತ ಹರಡಿ ನಿಂತು ತಮಗೆ ತಾವೇ ಆಶ್ಚರ್ಯಪಡುತ್ತಿದ್ದವು. ಆಮೇಲೆ ಮೇಡಂ ನಕ್ಕರು, ಎಂಥ ನಗು, ಆ ಬೂಟಿಗೂ ಆ ನಗುವಿಗೂ ಸಂಬಂಧವೇ ಇರಲಿಲ್ಲ, ಗಂಡಾ, ಇದು ಗಂಡಾ ಸಾಹೇಬ್ರೇ, ಎಂದು ನೆಲಕ್ಕೆ ಕೈಯೂರಿ ನಕ್ಕರು, ಸಿಕ್ಕಿತು ಮೇಡಂ, ಎಂದು ಅವನು ಪ್ರಮಾಣಪತ್ರವನ್ನು ಎತ್ತಿ ಹಿಡಿದು ತೊಟ್ಟಿಯ ಮೇಲೆ ಬಗ್ಗಿದ, ಬಗ್ಗಿದವನು ನೋಡಿ ಹಾಗೇ ನಿಂತ, ಅವನ ನೆರಳೂ ಕಾಗದದ ನೆರಳೂ ಒಟ್ಟಿಗೆ ನೀರಿನ ಮೇಲೆ ಬಿದ್ದವು, ಮೂಗಿ ಬಾಯಿ ತೆರೆಯಿತು, ಅಷ್ಟೂ ಒಳಗೆ, ಒಂದೂ ಉಳಿಯದೆ ಒಳಗೆ, ಮುಚ್ಚಿತು. ಮೇಡಂ ನಗು ನಿಲ್ಲಿಸಿದರು. ಅಪಾಯ ಏನೂ ಇರಲಿಲ್ಲ ಅದಕ್ಕೆ, ಬರೀ ಕಾಗದ, ಆದ್ರೂ ಮುಚ್ಚಿತು, ಅಂದರು, ಮೆಲ್ಲಗೆ, ತಮಗೇ ಹೇಳಿಕೊಂಡ ಹಾಗೆ. ಆಮೇಲೆ ಎದ್ದು, ಮೆಷಿನ್ ಬಂದ್ರೆ ಪಕ್ಕದಲ್ಲಿ ಕೂರಲಿ, ಮೀನೂ ಇವರೂ ಇಲ್ಲೇ ಇರ್ತಾರೆ, ಬರ್ಕೊಳ್ಳಿ ಸಾಹೇಬ್ರೇ, ಹೋಗಮ್ಮ, ಊರಿಗೆ ನೀರು ಬಿಡು, ಅಂದರು. ಅವಳು ಓಡಿದಳು, ಐವತ್ತರ ಮಂಡಿ ಓಡಿತು, ಚಕ್ರ ಈ ಸಲ ಹಗುರ, ಒಂದು, ಎರಡು, ಈಗ ಬೀದಿಯ ತುದಿಯ ನಲ್ಲಿ ಕೆಮ್ಮುತ್ತದೆ, ಆರು, ಏಳು, ಅರ್ಧ ಮುಖದವನು ಕುರ್ಚಿಯಿಂದ ಏಳುತ್ತಾನೆ, ಕೂತ್ಕೊಳ್ಳಯ್ಯ ಬಂತು ಅನ್ನುತ್ತಾನೆ ಗಂಡ, ಒಂದು ಲೋಟ ಹಿಡಿದು, ಗಟಗಟ, ಆಹಾ, ಹತ್ತು, ಹನ್ನೊಂದೋ ಹನ್ನೆರಡೋ, ಲೆಕ್ಕ ತಪ್ಪಿತು, ಕಣ್ಣ ಮುಂದೆ ಮತ್ತೆ ನೆರಳು ಬಿತ್ತು, ಬಾಯಿ ತೆರೆಯಿತು, ಅಷ್ಟೂ ಒಳಗೆ, ಮುಚ್ಚಿತು — ನೆರಳು ಬಿತ್ತು, ಬಾಯಿ ತೆರೆಯಿತು, ಅಷ್ಟೂ ಒಳಗೆ, ಒಂದೂ ಉಳಿಯದೆ —