ಎಡಗೈ ಗೆದ್ದ ದಿನ

ಸೌಂದರ್ಯಾಳ ಎಂ.ಎಸ್ಸಿ. ಸಂಖ್ಯಾಶಾಸ್ತ್ರದ ಪ್ರಾಜೆಕ್ಟಿಗಾಗಿ ದೀಪಾವಳಿ ಕಳೆದ ಮೇಲೆ ತೆಲುಗು ಸೀಮೆಯ ಉಪ್ಪಲ್‌ನ ಅವರ ಗಲ್ಲಿಯವರೆಲ್ಲ ಅವಳ ಮುಂದೆ ಕೈ ಚಾಚಿ ಕೂತದ್ದಾಯಿತು. ಅವಳು ಸ್ಕೇಲನ್ನು ಮೇಲಿಂದ ಬಿಡಬೇಕು, ಅವರು ಎರಡು ಬೆರಳಲ್ಲಿ ಗಪ್ಪನೆ ಹಿಡಿಯಬೇಕು. ಸ್ಕೇಲು ಎಷ್ಟು ಜಾರಿತೋ ಕೈ ಅಷ್ಟು ನಿಧಾನ. ಮೊದಲು ಬಲಗೈ, ಆಮೇಲೆ ಎಡಗೈ. ಒಬ್ಬರನ್ನು ಇನ್ನೊಬ್ಬರ ಜೊತೆ ತೂಗುವ ಪಂಚಾಯಿತಿ ಇಲ್ಲಿಲ್ಲ. ಪ್ರತಿಯೊಬ್ಬರ ಬಲಗೈಗೂ ಅವರದೇ ಎಡಗೈ ಜೋಡಿ. ಎರಡಕ್ಕೂ ವ್ಯತ್ಯಾಸವೇ ಇಲ್ಲ ಎಂದು ಮೊದಲು ಒಪ್ಪಿಕೊಂಡು, ಆ ಮಾತು ನಿಲ್ಲುತ್ತದೋ ಬೀಳುತ್ತದೋ ನೋಡುವುದು. ಜೋಡಿ ಟಿ-ಪರೀಕ್ಷೆ ಅಂದರೆ ಇಷ್ಟೇ.

ಎಲ್ಲರ ಬಲಗೈಯೂ ಮುಂದಿತ್ತು. ಕಾರ್ಖಾನೆಯಲ್ಲಿ ಕ್ರೇನ್ ನಡೆಸುವ ಅವಳ ಅಪ್ಪ ಮಲ್ಲಣ್ಣನದು ಮಾತ್ರ ಉಲ್ಟಾ. ಬಲಗೈ ಸ್ಕೇಲಿನ ತುದಿ ಹಿಡಿಯುವಷ್ಟರಲ್ಲಿ ಸಾಕಾಯಿತು. ಎಡಗೈ ಮಾತ್ರ ಸ್ಕೇಲು ಬಿಟ್ಟ ತಕ್ಷಣ ಹಿಡಿಯಿತು.

“ಅಪ್ಪಾ, ನಿಮ್ಮ ಬಲಗೈ ಯಾಕ ಹಿಂಗ ಮಾಡಾಕತ್ತೈತಿ?”

ಮಲ್ಲಣ್ಣ ನಕ್ಕ. “ದಿನಾ ಮುಂಜಾನೆ ಎಡಗೈಯಾಗ ಲಿಂಗ ಹಿಡೀತೀನಿ, ಯವ್ವಾ. ಭಕ್ತಿ ಎಲ್ಲಿರತೈತೋ ಚುರುಕೂ ಅಲ್ಲೇ ಇರತೈತಿ.”

ಅಂಗೈ ಮೇಲೆ ಇಷ್ಟಲಿಂಗ ಇಟ್ಟು ಪೂಜೆ ಮಾಡುವ ಮನೆಯಲ್ಲಿ ಈ ಮಾತಿಗೆ ಎದುರಾಡುವವರು ಯಾರು? ಸೌಂದರ್ಯಾಗೆ ಅದು ಎಷ್ಟು ಹಿಡಿಸಿತೆಂದರೆ, ಇವರೊಬ್ಬರದೇ ಹೀಗೇಕೆ ಎಂದು ಕಾಲೇಜಿನ ಮೇಷ್ಟ್ರು ಕೇಳಿದಾಗ ಅದನ್ನೇ ತೆಲುಗಿನಲ್ಲಿ ಹೇಳಿದಳು. ಅವರೂ ನಕ್ಕರು. ಒಂದು ಜೋಡಿಯಿಂದ ಫಲಿತಾಂಶವೇನೂ ಬದಲಾಗಲಿಲ್ಲ. ವ್ಯತ್ಯಾಸವಿಲ್ಲ ಎಂಬ ಮಾತು ಬಿತ್ತು, ಬಲಗೈ ಗೆದ್ದಿತು, ಒಳ್ಳೆಯ ಅಂಕವೂ ಬಂತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಈ ಹುಡುಗಿ ಕನ್ನಡಿಗಿಂತ ದೊಡ್ಡ ಸಾಧನ ಹಿಡಿದು ಕೂತಿದ್ದಳು, ಆದರೂ ಕಾಣಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮಲ್ಲಣ್ಣ ಬಚ್ಚಲಲ್ಲಿ ಬಿದ್ದ. ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದರು. ಮಿದುಳಿನ ಎಡಭಾಗದಲ್ಲಿ ಗಡ್ಡೆ, ಬಲಗೈ ಆಡಿಸುವ ಜಾಗದಲ್ಲೇ.

“ಕೈ ನಿಧಾನವಾದಾಗಲೇ ಬಂದಿದ್ದರೆ…” ಎಂದು ವೈದ್ಯರು ಚಿತ್ರವನ್ನು ಲಕೋಟೆಗೆ ಹಾಕಿದರು. ಈಗ ಅದು ತೆಗೆಯುವ ಹಂತ ದಾಟಿತ್ತು.

ಹೊರಗೆ ಬೆಂಚಿನ ಮೇಲೆ ಅವ್ವ ಬಸಲಿಂಗಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು. “ದೀಪಾವಳಿಗಿಂತ ಮೊದಲಿಂದ ಅವರ ಅಂಗಿ ಗುಂಡಿ ನಾನ ಹಾಕಾಕತ್ತಿದ್ದೆ. ಗೊತ್ತಾದ್ರ ಕ್ರೇನಿಂದ ಇಳಸ್ತಾರ, ಯಾರಿಗೂ ಹೇಳಬ್ಯಾಡ ಅಂತ ಆಣೆ ಹಾಕಿಸಿದ್ರವ್ವಾ.”

ಸೌಂದರ್ಯಾಗೆ ಅವ್ವನ ಮೇಲೆ ಸಿಟ್ಟು ಬಂತು, ಅಪ್ಪನ ಮೇಲೂ ಬಂತು. ತನ್ನ ಮೇಲೆ ಬಂದದ್ದು ಮಾತ್ರ ಇಳಿಯಲಿಲ್ಲ. ಕೈಯಾರೆ ಅಳೆದವಳು ಅವಳೇ ಅಲ್ಲವೇ? ಕಣ್ಣೆದುರಿಗಿದ್ದ ಅಪ್ಪನನ್ನು ಆವತ್ತೇ ನಗುನಗುತ್ತ ಕಳೆದುಕೊಳ್ಳುತ್ತಿದ್ದಳು.

ಮನೆಗೆ ಕರೆತಂದ ಮರುದಿನ ಮುಂಜಾನೆ ಮಲ್ಲಣ್ಣ ಪೂಜೆಗೆ ಕೂತ. ಎಡ ಅಂಗೈಯಲ್ಲಿ ಲಿಂಗ ಅಲುಗದೆ ಇತ್ತು. ಬಲಗೈ ತೊಡೆಯ ಮೇಲೆ ಬಿದ್ದಿತ್ತು; ವಿಭೂತಿ ಎದುರಿಗಿದ್ದರೂ ಅಲ್ಲಿಗೆ ಹೋಗಲಿಲ್ಲ.

“ಲಿಂಗದ ಹೆಸರು ಹೇಳಿ ಸುಳ್ಳಾಡಿದ್ನವ್ವಾ,” ಅಂದ. “ನೀ ನಂಬಿಬಿಟ್ಟಿ.”

ಅವರವರ ಲಿಂಗಕ್ಕೆ ಅವರವರೇ ಪೂಜೆ ಮಾಡಿಕೊಳ್ಳುವುದು ವಾಡಿಕೆ. ಆದರೂ ಸೌಂದರ್ಯಾ ಮಿಂದು ಬಂದು ಪಕ್ಕಕ್ಕೆ ಕೂತಳು. “ನಾ ಹಚ್ಚಲೇನ್ರಿ, ಅಪ್ಪಾ?”

ಮಲ್ಲಣ್ಣ ಅಂಗೈಯನ್ನು ಅವಳತ್ತ ಸರಿಸಿದ. ಅವಳು ಬಲಗೈಯಲ್ಲಿ ವಿಭೂತಿ ತೆಗೆದುಕೊಂಡಳು. ಆತುರದಲ್ಲಿ ಬೂದಿ ಚಾಪೆಯ ಮೇಲೆ ಉದುರಿತು.

“ಸಾವಕಾಶ ಹಚ್ಚು, ಯವ್ವಾ,” ಅಂದ ಅಪ್ಪ. “ಈಗೇನ ಅವಸರ ಐತಿ.”